ಹಾಸನದ ಸುತ್ತಿನ ಹಳ್ಳಿಗಳಲ್ಲಿ ಸಂಸಾರಕ್ಕೆ ಬಾಡಿಗೆ ಮನೆ: ಯಾವ ರಸ್ತೆಗೆ ಯಾವ ತೊಂದರೆ

ಹಾಸನದಲ್ಲಿ ಕೆಲಸ, ಹತ್ತು ಹದಿನೈದು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ ಮನೆ. ಸಾಲಗಾಮೆ ರಸ್ತೆಯ ಇಂಜಿನಿಯರಿಂಗ್ ಕಾಲೇಜು, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್, ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯ ಕೈಗಾರಿಕಾ ಪ್ರದೇಶ, ಹೀಗೆ ನಾನಾ ಕಡೆ ದುಡಿಯುವವರು ವಿದ್ಯಾನಗರ, ಕುವೆಂಪುನಗರದ ಬಾಡಿಗೆ ವಿಚಾರಿಸಿದ ಮೇಲೆ ಶಾಂತಿಗ್ರಾಮ, ದುದ್ದ, ಸಾಲಗಾಮೆ, ಕಂದಲಿ, ಮೊಸಳೆಹೊಸಹಳ್ಳಿ ಕಡೆ ಮನೆ ಹುಡುಕುತ್ತಾರೆ. ಅದೇ ದುಡ್ಡಿಗೆ ಒಂದು ಕೋಣೆ ಹೆಚ್ಚು ಸಿಗುತ್ತದೆ, ಮಕ್ಕಳಿಗೆ ಆಡಲು ಅಂಗಳ ಸಿಗುತ್ತದೆ, ವಯಸ್ಸಾದವರಿಗೆ ಜಗುಲಿ ಸಿಗುತ್ತದೆ. ಮಕ್ಕಳಿರುವ ಸಂಸಾರಕ್ಕೆ ಈ ಏರ್ಪಾಟು ನಿಜಕ್ಕೂ ಒಳ್ಳೆಯದು. ಆದರೆ ಇಲ್ಲಿ ಬಾಡಿಗೆ ಕಡಿಮೆ ಇರುವುದಕ್ಕೆ ಪ್ರತಿ ಮನೆಯಲ್ಲೂ ಒಂದು ಕಾರಣ ಇರುತ್ತದೆ. ಆ ಕಾರಣ ಕಣ್ಣಿಗೆ ಬೀಳುವ ತನಕ ಮುಂಗಡ ಕೊಡಬಾರದು.

ಕಾರಣ ಏನೆಂಬುದನ್ನು ಬಹುಮಟ್ಟಿಗೆ ರಸ್ತೆಯೇ ಹೇಳುತ್ತದೆ. ಹಾಸನ ಮಲೆನಾಡಿಗೂ ಬಯಲುಸೀಮೆಗೂ ನಡುವೆ ಕೂತ ಊರು. ಕಂದಲಿ ದಾಟಿ ಆಲೂರು, ಸಕಲೇಶಪುರದತ್ತ ಹೋದಷ್ಟೂ ಮಳೆ ಏರುತ್ತದೆ. ಅರಸೀಕೆರೆ ರಸ್ತೆಯ ದುದ್ದ, ಚನ್ನರಾಯಪಟ್ಟಣದ ಕಡೆಯ ಶಾಂತಿಗ್ರಾಮದತ್ತ ಹೋದಷ್ಟೂ ಇಳಿಯುತ್ತದೆ. ಹಾಗಾಗಿ ಪಶ್ಚಿಮದ ಮನೆಗಳನ್ನು ಗೋಡೆಯ ತೇವ ಕಾಡುತ್ತದೆ, ಪೂರ್ವದ ಮನೆಗಳನ್ನು ಬೋರ್‌ವೆಲ್ ಮತ್ತು ಗಡಸು ನೀರು ಕಾಡುತ್ತದೆ. ಪೂರ್ವದ ಮನೆಯನ್ನು ಏಪ್ರಿಲ್‌ನಲ್ಲಿ ನೋಡಬೇಕು, ಪಶ್ಚಿಮದ್ದನ್ನು ಜುಲೈನಲ್ಲಿ. ಜನ ಸಾಮಾನ್ಯವಾಗಿ ಮಾಡುವುದು ಉಲ್ಟಾ: ಶಾಲೆ ಶುರುವಾಗುವ ಮುಂಚೆ ಅಂತ ಮೇ ತಿಂಗಳಲ್ಲಿ ಆಲೂರು ರಸ್ತೆಯ ಮನೆ ನೋಡಿ, ಗೋಡೆ ಒಣಗಿರುವುದನ್ನು ಕಂಡು ಒಪ್ಪಿಕೊಂಡುಬಿಡುತ್ತಾರೆ.

ನೀರಿನ ಲೆಕ್ಕ ಮೊದಲು. ಹಳ್ಳಿಯ ನಲ್ಲಿಗೆ ಜಲಜೀವನ್ ಮಿಷನ್ ಇಟ್ಟುಕೊಂಡಿರುವ ಅಳತೆ ದಿನಕ್ಕೆ ತಲೆಗೆ 55 ಲೀಟರ್. ನಾಲ್ಕು ಜನಕ್ಕೆ 220 ಲೀಟರ್ ಆಯಿತು. ವಾಷಿಂಗ್ ಮೆಷಿನ್, ಫ್ಲಷ್ ಇರುವ ಸಂಸಾರ ಅದರ ಎರಡರಷ್ಟು ಬಳಸುತ್ತದೆ. ಮಿಕ್ಕಿದ್ದು ಬೋರಿನಿಂದ ಬರಬೇಕು, ಇಲ್ಲವೇ ಸಂಪಿನಲ್ಲಿ ಶೇಖರವಾಗಿರಬೇಕು. ಸಂಪಿನ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಸಂಪು 150 ಘನ ಅಡಿ, ಅಂದರೆ ಸುಮಾರು 4,250 ಲೀಟರ್. ದಿನಕ್ಕೆ 450 ಲೀಟರ್ ಹಿಡಿದರೆ ಒಂಬತ್ತು ದಿನ ನಡೆಯುತ್ತದೆ. ಇಷ್ಟಿದ್ದರೆ ಪೈಪು ಒಡೆದರೂ ಪಂಚಾಯಿತಿಯ ಮೋಟರ್ ಸುಟ್ಟರೂ ಸಂಭಾಳಿಸಬಹುದು. ಸಂಪೇ ಇಲ್ಲದೆ ಮೇಲೊಂದು 500 ಲೀಟರ್ ಟ್ಯಾಂಕು ಮಾತ್ರ ಇರುವ ಮನೆ ಸಂಸಾರಕ್ಕೆ ಬೇಡ.

ನೀರಿನ ಬಗ್ಗೆ ಮನೆ ಮಾಲೀಕರನ್ನು ಕೇಳುವುದಕ್ಕಿಂತ ಊರಿನ ನೀರುಗಂಟಿಯನ್ನು ಕೇಳುವುದು ಮೇಲು. ಯಾವ ಬೀದಿಗೆ ಎಷ್ಟು ಹೊತ್ತಿಗೆ ಬಿಡುತ್ತಾರೆ, ಯಾವ ತಿಂಗಳಲ್ಲಿ ದಿನ ಬಿಟ್ಟು ದಿನ ಆಗುತ್ತದೆ, ಪೈಪಿನ ಕೊನೆಯಲ್ಲಿರುವ ಮನೆ ಯಾವುದು, ಎಲ್ಲವೂ ಅವರಿಗೆ ಗೊತ್ತು. ಕೊನೆಯ ಮನೆಗೆ ಒತ್ತಡ ಸಾಲದೆ ನೀರು ಸಂಪಿಗೂ ಏರುವುದಿಲ್ಲ. ಮಾಲೀಕರ ತೋಟಕ್ಕೂ ಬಾಡಿಗೆ ಮನೆಗೂ ಒಂದೇ ಬೋರ್ ಇದ್ದರೆ ಇನ್ನೂ ಎಚ್ಚರ ಬೇಕು. ಶುಂಠಿ ನೆಡುವ ಮಾರ್ಚ್‌ನಿಂದ ಮೇವರೆಗಿನ ಹೊತ್ತಿನಲ್ಲೇ ಅಂತರ್ಜಲ ಇಳಿದಿರುತ್ತದೆ. ಬೋರ್ ಕೈಕೊಟ್ಟಾಗ ಬೆಳೆ ಮೊದಲು, ಬಾಡಿಗೆದಾರರು ಆಮೇಲೆ. ರೈತರ ಕಡೆಯಿಂದ ನೋಡಿದರೆ ಅದು ನ್ಯಾಯವೇ. ಆದ್ದರಿಂದ ಪಂಚಾಯಿತಿ ನಲ್ಲಿ ಪ್ರತ್ಯೇಕವಾಗಿ ಇದ್ದರೆ ಮಾತ್ರ ಅಂಥ ಮನೆ ಹಿಡಿಯಿರಿ.

ನೀರಿನ ಗುಣವನ್ನು ನಲ್ಲಿಯ ಮೂತಿಯೇ ತೋರಿಸುತ್ತದೆ. ಬಿಳಿ ಪೊರೆ ಕಟ್ಟಿದ್ದರೆ ಗಡಸು ನೀರು. ಗೀಸರಿನ ಕಾಯಿಲ್ ಬೇಗ ಹೋಗುತ್ತದೆ, ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಫ್ಲೋರೈಡಿಗೆ ಈ ಮಿತಿ 1 ಮತ್ತು 1.5 ಮಿಲಿಗ್ರಾಂ. ಅರಸೀಕೆರೆ ಕಡೆ ಫ್ಲೋರೈಡ್ ಹಳೆಯ ತೊಂದರೆ. ಹಲ್ಲು ಬರುವ ವಯಸ್ಸಿನ ಮಕ್ಕಳಿರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನೀರಲ್ಲಿ ಕರಗಿದ ಲವಣದ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಫ್ಲೋರೈಡನ್ನು ತೋರಿಸುವುದಿಲ್ಲ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಇಲ್ಲವೇ ಕುಡಿಯಲು ಊರಿನ ಶುದ್ಧ ನೀರಿನ ಘಟಕವನ್ನೇ ನಂಬಿ. ಮನೆಯಲ್ಲಿ ಆರ್‌ಒ ಇಟ್ಟರೆ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ನೀರಿಗೆ ಬರ ಇರುವ ಊರಲ್ಲಿ ಆ ಪೈಪನ್ನು ಬಕೆಟ್ಟಿಗೆ ಬಿಟ್ಟು ನೆಲ ಒರೆಸಲು ಬಳಸಿ.

ಕರೆಂಟಿನ ವಿಷಯದಲ್ಲಿ ಹೆಚ್ಚಿನವರು ಕೇಳದೇ ಬಿಡುವ ಪ್ರಶ್ನೆ ಒಂದಿದೆ: ಮನೆ ಊರೊಳಗಿನ ಫೀಡರಿನಲ್ಲಿದೆಯೋ, ಪಂಪ್‌ಸೆಟ್ ಫೀಡರಿನಲ್ಲಿದೆಯೋ? ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಗಳ ಮನೆಗಳಿಗೆ ಬೇರೆ ಲೈನು, ನೀರಾವರಿ ಪಂಪುಗಳಿಗೆ ಬೇರೆ ಲೈನು ಎಳೆದರು. ಊರೊಳಗಿನ ಮನೆಗೆ ದಿನವಿಡೀ ಕರೆಂಟು ಬರುತ್ತದೆ. ಒಂಟಿಯಾಗಿರುವ ತೋಟದ ಮನೆ ಪಂಪಿನ ಲೈನಿನಲ್ಲೇ ಉಳಿದಿರುವ ಸಂಭವ ಹೆಚ್ಚು. ಅಲ್ಲಿ ತ್ರೀ ಫೇಸ್ ದಿನಕ್ಕೆ ಏಳು ಗಂಟೆ ಕೊಡುವುದು ಸರ್ಕಾರದ ಲೆಕ್ಕ. ಉಳಿದ ಹೊತ್ತು ಸಿಂಗಲ್ ಫೇಸ್ ಬಂದರೂ ವೋಲ್ಟೇಜ್ ಸಾಲದೆ ಮಿಕ್ಸಿ ಗುರುಗುಟ್ಟುತ್ತದೆ, ಇಂಡಕ್ಷನ್ ಒಲೆ ಆಫ್ ಆಗುತ್ತದೆ. ತೋಟದ ಮನೆಯ ನೋಟಕ್ಕೆ ಮರುಳಾಗುವ ಮುನ್ನ ಸಂಜೆ ಏಳಕ್ಕೆ ಅಲ್ಲಿ ಹೋಗಿ ಟ್ಯೂಬ್‌ಲೈಟ್ ಹಾಕಿ ನೋಡಿ. ಮನೆಯಿಂದಲೇ ಕಂಪ್ಯೂಟರಿನ ಕೆಲಸ ಮಾಡುವವರಿದ್ದರೆ ತೋಟದ ಮನೆಯ ಆಸೆ ಬಿಡುವುದೇ ಒಳಿತು.

ಮೀಟರ್ ಪೆಟ್ಟಿಗೆಯನ್ನೂ ತೆರೆಸಿ. ಒಂದೇ ಮೀಟರಿನಲ್ಲಿ ಎರಡು ಮನೆ ಓಡುತ್ತಿದ್ದರೆ ಗೃಹಜ್ಯೋತಿಯ ಲಾಭ ಕೈತಪ್ಪುತ್ತದೆ: ಎರಡೂ ಮನೆಯ ಬಳಕೆ ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಬಾಡಿಗೆದಾರರಿಗೂ ಗೃಹಜ್ಯೋತಿ ಇದೆ. ಆದರೆ ಹಿಂದೆ ಇದ್ದವರ ಆಧಾರ್ ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆಗೆ (ಆ ಮೀಟರಿನ ಸಂಪರ್ಕ ಸಂಖ್ಯೆ) ಜೋಡಣೆಯಾಗಿದ್ದರೆ ಮೊದಲು ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿ, ಆಮೇಲೆ ನಿಮ್ಮದನ್ನು ಜೋಡಿಸಬೇಕು. ಹಿಂದಿನ ಬಳಕೆಯ ಲೆಕ್ಕವಿಲ್ಲದ ಹೊಸ ಮನೆಗೆ 53 ಯೂನಿಟ್ ಸರಾಸರಿ ಹಿಡಿದು, ಅದರ ಮೇಲೆ ಸ್ವಲ್ಪ ಸೇರಿಸಿ ಉಚಿತದ ಮಿತಿ ಹಾಕುತ್ತಾರೆ. ಅದಕ್ಕಿಂತ ಹೆಚ್ಚು ಬಳಸಿದ್ದು 200ರ ಒಳಗಿದ್ದರೂ ಹೆಚ್ಚುವರಿ ಯೂನಿಟ್ಟಿಗೆ ದುಡ್ಡು ಕೊಡಬೇಕು. ಹಾಸನ ಜಿಲ್ಲೆ ಚಾಮುಂಡೇಶ್ವರಿ ವಿದ್ಯುತ್ ನಿಗಮದ ವ್ಯಾಪ್ತಿ. ಬೇಲೂರು ದಾಟಿ ಚಿಕ್ಕಮಗಳೂರು ಜಿಲ್ಲೆಗೆ ಹೋದರೆ ಮೆಸ್ಕಾಂ. ಮಳಿಗೆಯನ್ನು ಮನೆಯಾಗಿ ಮಾಡಿಸಿದ್ದರೆ ಮೀಟರ್ ವಾಣಿಜ್ಯ ದರದಲ್ಲೇ ಇರಬಹುದು. ಹಳೆಯ ಬಿಲ್ಲು ನೋಡಿದರೆ ಗೊತ್ತಾಗುತ್ತದೆ. ಬಚ್ಚಲಿನ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಬಲ್ಬ್ ಹಿಡಿಸಿ ಪರೀಕ್ಷಿಸಿ. ಗೀಸರ್ ಇರುವ ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನು ಕಡಿಯುವ ಸ್ವಿಚ್ಚು) ಹಾಕಿಸಿಕೊಡಲು ಕೇಳುವುದರಲ್ಲಿ ಸಂಕೋಚ ಬೇಡ. ಇದು ಮಕ್ಕಳ ಜೀವದ ಮಾತು.

ಇನ್ನು ಗೋಡೆ. ಬಾಡಿಗೆಗೆ ಕೊಡುವ ಮುಂಚೆ ಮಾಲೀಕರು ಬಣ್ಣ ಹೊಡೆಸುತ್ತಾರೆ, ಆದ್ದರಿಂದ ಹೊಸ ಬಣ್ಣವನ್ನು ನಂಬಬಾರದು. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ. ಆ ದಿಕ್ಕಿನ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ. ಪೊಳ್ಳು ಸದ್ದು ಬಂದರೆ ಒಳಗೆ ಗಾರೆ ಬಿಟ್ಟಿದೆ. ನೆಲದಿಂದ ಒಂದೆರಡು ಅಡಿ ಎತ್ತರದವರೆಗೆ ಬಿಳಿ ಉಪ್ಪು ಹೊಮ್ಮಿದ್ದರೆ ಅದು ಅಡಿಪಾಯದಿಂದ ಏರುವ ತೇವ. ಎಷ್ಟು ಬಣ್ಣ ಬಳಿದರೂ ಹೋಗುವುದಿಲ್ಲ, ಅಂಥ ಮನೆ ಬಿಟ್ಟುಬಿಡಿ. ಸೂರಿನ ಕೆಳಗೆ ಕಲೆ ಇದ್ದರೆ ತಾರಸಿ ಸೋರುತ್ತಿದೆ, ರಿಪೇರಿ ಸಾಧ್ಯ, ಮಳೆಗಾಲಕ್ಕೆ ಮುಂಚೆ ಮಾಡಿಸಿಕೊಡುವ ಮಾತು ಕರಾರಿನಲ್ಲಿರಲಿ. ಗೋಡೆಯ ನಡುವೆ ಕಲೆ ಇದ್ದರೆ ಹೊರಗೆ ಬಿರುಕು, ಇಲ್ಲವೇ ಕಿಟಕಿಯ ಮೇಲೆ ಸಜ್ಜ ಇಲ್ಲದಿರುವುದು ಕಾರಣ. ಹೊರಗೋಡೆಗೇ 4 ಇಂಚಿನ ಸಿಮೆಂಟ್ ಇಟ್ಟಿಗೆ ಕಟ್ಟಿದ ಮನೆಗಳು ಆಲೂರು ಕಡೆಯ ಮಳೆಗೆ ತಡೆಯುವುದಿಲ್ಲ. ಹಳೆಯ ಮಂಗಳೂರು ಹೆಂಚಿನ ಮನೆ, ನೋಡಲು ಬಡವಾಗಿದ್ದರೂ, ನನ್ನ ಎಣಿಕೆಯಲ್ಲಿ ಇವಕ್ಕಿಂತ ವಾಸಿ. ಗಾಳಿಯಾಡುತ್ತದೆ, ಸೋರಿದರೆ ಆ ಒಂದು ಹೆಂಚು ಬದಲಾಯಿಸಿದರೆ ಸಾಕು. ಕೋತಿಗಳು ಹೆಂಚು ಸರಿಸುವುದೊಂದೇ ಅದರ ದೊಡ್ಡ ಕಾಟ. ಬೀರು, ಮಂಚ ಗೋಡೆಯಿಂದ ನಾಲ್ಕು ಇಂಚು ದೂರ ಇರಲಿ. ತಾಗಿಸಿಟ್ಟರೆ ಆಗಸ್ಟ್ ಹೊತ್ತಿಗೆ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತದೆ. ಬಟ್ಟೆ ಒಣಗಿಸಲು ಶೀಟು ಹೊದಿಸಿದ ಜಾಗ ಇಲ್ಲದ ಮನೆಯಲ್ಲಿ ಮಕ್ಕಳ ಯೂನಿಫಾರ್ಮ್ ಒಣಗಿಸುವುದೇ ದಿನದ ದೊಡ್ಡ ಕೆಲಸ ಆಗಿಬಿಡುತ್ತದೆ.

ಶೌಚದ ಪಿಟ್ಟು ಎಲ್ಲಿದೆ ಅಂತ ಕೇಳಿ, ಹೋಗಿ ನೋಡಿ. ಬೋರಿನಿಂದ 50 ಅಡಿಯಾದರೂ ದೂರ ಇರಬೇಕು, ಸಕ್ಕಿಂಗ್ ಲಾರಿ ಬರುವಷ್ಟು ದಾರಿ ಇರಬೇಕು. ಎರಡು ಬಕೆಟ್ ನೀರು ಒಟ್ಟಿಗೆ ಸುರಿದು ನೋಡಿ. ನಿಧಾನವಾಗಿ ಇಳಿದರೆ ಮಳೆಗಾಲದಲ್ಲಿ ಹಿಂದಕ್ಕೆ ಬರುತ್ತದೆ. ಸೋಲಾರ್ ಇದ್ದರೂ ಬಚ್ಚಲಲ್ಲಿ ಹಂಡೆ ಒಲೆ ಉಳಿಸಿಕೊಂಡಿರುವ ಮನೆ ಒಳ್ಳೆಯದು, ಏಕೆಂದರೆ ಮೋಡ ಮುಸುಕಿದ ವಾರಗಳಲ್ಲಿ ಸೋಲಾರ್ ನೀರು ಉಗುರುಬೆಚ್ಚಗೂ ಆಗುವುದಿಲ್ಲ.

ಓಡಾಟದಲ್ಲಿ ಬೆಳಗಿನ ಬಸ್ಸಿಗಿಂತ ರಾತ್ರಿಯ ಕೊನೆಯ ಬಸ್ಸು ಮುಖ್ಯ. ಬಿ.ಎಂ. ರಸ್ತೆಯ ಮೇಲಿರುವ ಊರುಗಳಿಗೆ ಬಸ್ಸಿನ ಚಿಂತೆ ಕಡಿಮೆ, ಆದರೆ ವೇಗದ ಬಸ್ಸುಗಳು ಎಲ್ಲ ಕಡೆ ನಿಲ್ಲಿಸುವುದಿಲ್ಲ; ನಿಮ್ಮ ಸ್ಟಾಪ್ ಯಾವ ಬಸ್ಸಿಗಿದೆ ಎಂದು ಹಾಸನದ ನಿಲ್ದಾಣದಲ್ಲೇ ವಿಚಾರಿಸಿ. ಶಕ್ತಿ ಯೋಜನೆಯಿಂದ 2023ರ ಜೂನ್ 11ರಿಂದ ಹೆಂಗಸರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸು ಉಚಿತ; ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಇದು ತಿಂಗಳ ಲೆಕ್ಕವನ್ನೇ ಬದಲಿಸುತ್ತದೆ. ಚಿಕ್ಕಮಗಳೂರಿನ ಸುತ್ತ ಖಾಸಗಿ ಬಸ್ಸುಗಳು ಹೆಚ್ಚು, ಅವುಗಳಲ್ಲಿ ಈ ಅನುಕೂಲ ಇಲ್ಲ. ಶಾಂತಿಗ್ರಾಮದ ಕಡೆ ಕಾರಿನಲ್ಲಿ ಓಡಾಡುವವರು ಮನೆ ಟೋಲಿನ ಯಾವ ಬದಿಗಿದೆ ನೋಡಿಕೊಳ್ಳಿ. ಟೋಲಿನಿಂದ 20 ಕಿಲೋಮೀಟರ್ ಒಳಗೆ ವಾಸಿಸುವವರ ಸ್ವಂತ ಕಾರಿಗೆ ಸ್ಥಳೀಯ ಮಾಸಿಕ ಪಾಸ್ ಇದೆ, ಅದಕ್ಕೆ ವಿಳಾಸದ ದಾಖಲೆ ಬೇಕು. ಆಲೂರು, ಬೇಲೂರು ಕಡೆಯ ಒಳರಸ್ತೆಗಳಲ್ಲಿ ಕಾಡಾನೆ ಓಡಾಟ ಇದೆ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮರಳುವವರಿಗೆ ಆ ಕಡೆಯ ಮನೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ, ಬೇಡ ಅಂತಲೇ ಹೇಳುತ್ತೇನೆ.

ಕಾಗದಪತ್ರಕ್ಕೆ ಬಂದರೆ, ಹನ್ನೊಂದು ತಿಂಗಳ ಕರಾರು ವಾಡಿಕೆ. ಒಂದು ವರ್ಷ ಮೀರಿದ ಬಾಡಿಗೆ ಪತ್ರಕ್ಕೆ ನೋಂದಣಿ ಕಡ್ಡಾಯ ಎಂಬುದೇ ಅದಕ್ಕೆ ಕಾರಣ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಮುಂಗಡದಲ್ಲಿ ಎಷ್ಟು ಹಿಡಿಯುತ್ತಾರೆ, ಮೋಟರ್ ಸುಟ್ಟರೆ ಯಾರು ಕಟ್ಟಿಸಬೇಕು, ಪಿಟ್ಟು ತುಂಬಿದರೆ ಯಾರ ಖರ್ಚು, ಈ ಮೂರನ್ನು ಬರೆಸಿ. ಜಗಳ ಹುಟ್ಟುವುದು ಈ ಮೂರರಿಂದಲೇ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವ ನೌಕರರು ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಕೊಡಬೇಕಾಗುತ್ತದೆ. ಅದನ್ನು ಮೊದಲೇ ಕೇಳಿಡಿ.

ಭೋಗ್ಯದ ಮನೆಗೆ ಮಾತ್ರ ಇನ್ನಷ್ಟು ಜಾಗ್ರತೆ ಬೇಕು. ಐದು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು ಲಾಭವೆಂದೇ ಕಾಣುತ್ತದೆ. ಶೇ. 7ರ ಬಡ್ಡಿಯಲ್ಲಿ ಆ ಹಣ ವರ್ಷಕ್ಕೆ 35,000 ದುಡಿಯುತ್ತಿತ್ತು, ಅಂದರೆ ತಿಂಗಳಿಗೆ ಸುಮಾರು 2,900 ರೂಪಾಯಿ ಬಾಡಿಗೆ ಕೊಟ್ಟಂತೆ. ಲೆಕ್ಕ ಸರಿಯೇ. ಆದರೆ ಭೋಗ್ಯಕ್ಕೆ ಕೊಡುವ ಮಾಲೀಕರಿಗೆ ಒಟ್ಟಿಗೆ ಹಣ ಬೇಕಾಗಿರುತ್ತದೆ, ಎಷ್ಟೋ ಸಲ ಮನೆಯ ಮೇಲೆ ಬ್ಯಾಂಕಿನ ಸಾಲವೂ ಇರುತ್ತದೆ. ಸಾಲ ಕಟ್ಟದೆ ಬ್ಯಾಂಕ್ ಮನೆ ವಶಕ್ಕೆ ತೆಗೆದುಕೊಂಡರೆ ನೋಂದಣಿಯಾಗದ ಭೋಗ್ಯ ಪತ್ರ ಹಿಡಿದವರಿಗೆ ರಕ್ಷಣೆ ಸಿಗುವುದು ಬಹಳ ಕಷ್ಟ. ಆದ್ದರಿಂದ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ನಮೂನೆ 9 ಮತ್ತು 11 ನೋಡಿ, ಯಾರ ಹೆಸರಲ್ಲಿದೆ ಎಂದು ಹೋಲಿಸಿ. 11ಬಿ ಇದ್ದರೆ ಅದು ಕ್ರಮಬದ್ಧ ಬಡಾವಣೆಯಲ್ಲ ಎಂದು ತಿಳಿಯಿರಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ. ಬರೀ ಮೂಲಪತ್ರ ಒತ್ತೆಯಿಟ್ಟು ಪಡೆದ ಸಾಲ ಅದರಲ್ಲಿ ಕಾಣದೇ ಹೋಗಬಹುದು, ಹಾಗಾಗಿ ಅಸಲು ಕ್ರಯಪತ್ರವನ್ನೇ ಕಣ್ಣಾರೆ ನೋಡಿ. ಜೆರಾಕ್ಸ್ ಮಾತ್ರ ತೋರಿಸುವ ಮನೆಗೆ ಭೋಗ್ಯದ ಹಣ ಹಾಕಬೇಡಿ. ಎಲ್ಲ ಸರಿಯಿದ್ದರೆ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ.

ಬೀಗದ ಕೈ ಪಡೆಯುವ ದಿನ ಮಾಲೀಕರ ಎದುರೇ ಮೀಟರಿನ ಅಂಕಿ, ಪ್ರತಿ ಗೋಡೆ, ನಲ್ಲಿ, ಸಿಂಕು, ಕಮೋಡಿನ ಫೋಟೋ ತೆಗೆದು ಅವರಿಗೂ ವಾಟ್ಸಾಪ್ ಮಾಡಿ. ಹಿಂದಿನವರು ಬಾಕಿ ಉಳಿಸಿದ ಕರೆಂಟ್ ಬಿಲ್ಲು, ಪಂಚಾಯಿತಿಯ ನೀರಿನ ಕರ ಪಾವತಿಯಾದ ರಸೀದಿ ಕೇಳಿ. ಸಂಪು ಖಾಲಿ ಮಾಡಿಸಿ, ತೊಳೆಸಿ, ಮೊದಲ ಸಲ ತುಂಬುವಾಗ ಗುರುತು ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಗುರುತಿಗಿಂತ ನೀರು ಇಳಿದಿದ್ದರೆ ಸಂಪು ಬಿರುಕು ಬಿಟ್ಟಿದೆ. ಸಾಮಾನು ಇಳಿಸುವ ಮುಂಚೆಯೇ ಗಾರೆಯವರನ್ನು ಕರೆಸಿ ರಿಪೇರಿ ಮಾಡಿಸಿಕೊಡಲು ಹೇಳಿ.