ಮಗನಿಗೆ ಕಾಗುಣಿತ, ಮಗಳಿಗೆ ‘ರ ಗ ಸ ದ ಅ’

ನನ್ನ ಇಬ್ಬರು ಮಕ್ಕಳೂ ಓದು ಕಲಿತದ್ದು ಮಂಡ್ಯದಲ್ಲೇ. ದಾರಿ ಮಾತ್ರ ಬೇರೆ ಬೇರೆ. ಮಗ ಒಂದನೇ ತರಗತಿಗೆ ಸೇರಿದ್ದು ಒಂದು ಖಾಸಗಿ ಶಾಲೆಗೆ. ಅಲ್ಲಿ ಮೊದಲು ವರ್ಣಮಾಲೆ, ಅದು ಮುಗಿದ ಮೇಲೆ ಕಾಗುಣಿತ, ದಿನವೂ ಎರಡು ಪುಟ ಕಾಪಿ. ನಾಲ್ಕು ವರ್ಷಗಳ ನಂತರ ಮಗಳನ್ನು ಮನೆಯ ಹತ್ತಿರದ ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಗೆ, ಅಂದರೆ ಕಾರ್ಡುಗಳು, ಚಟುವಟಿಕೆಗಳ ಮೂಲಕ ಮಕ್ಕಳು ತಮ್ಮ ವೇಗದಲ್ಲಿ ಕಲಿಯುವ ತರಗತಿಗೆ, ಸೇರಿಸಿದೆವು.

ಮಗ ದಸರಾ ರಜೆಯ ಹೊತ್ತಿಗೆ 49 ಅಕ್ಷರಗಳನ್ನೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಸಂಕ್ರಾಂತಿಯ ವೇಳೆಗೆ ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ರಾಗವಾಗಿ ಹೇಳುವುದನ್ನು ಕೇಳಿ ನಮ್ಮ ಅತ್ತೆಯವರು ಹಿಗ್ಗಿಹೋಗಿದ್ದರು. ಒಂದು ದಿನ ಪತ್ರಿಕೆಯ ತಲೆಬರಹದಲ್ಲಿದ್ದ ‘ಗಿ’ಯ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದೆ. ಅವನು ಕಣ್ಣು ಮುಚ್ಚಿ ‘ಗ, ಗಾ, ಗಿ’ ಎಂದು ಮೊದಲಿನಿಂದ ಹೇಳಿಕೊಂಡು ಬಂದು ಅಲ್ಲಿ ನಿಂತ. ಆಗ ನನಗೆ ಎದೆ ಧಸಕ್ಕೆಂದಿತು. ಮಗುವಿಗೆ ಸಾಲು ಬಾಯಿಪಾಠವಾಗಿತ್ತು, ಅಕ್ಷರದ ಗುರುತು ಸಿಕ್ಕಿರಲಿಲ್ಲ. ಙ, ಞಗಳನ್ನು ಪುಟಗಟ್ಟಲೆ ತಿದ್ದಿದ್ದ; ಇವುಗಳಿಂದ ಶುರುವಾಗುವ ಪದ ಯಾವುದಮ್ಮ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ನಲಿ-ಕಲಿ ನಮ್ಮ ಸೀಮೆಯದೇ ಬೆಳೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರುಮಾಡಿದ್ದು. ಅದರಲ್ಲಿ ಅಕ್ಷರಗಳು ಬರುವುದು ಅ ಆ ಇ ಈ ಎಂಬ ಕ್ರಮದಲ್ಲಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭವಾದವು, ಪದ ಕಟ್ಟಲು ಒದಗುವವು ಮುಂದೆ. ಐದೇ ಅಕ್ಷರ ಕಲಿತ ಮಗಳು ‘ಸರ’, ‘ಅರಸ’, ‘ಗರಗಸ’ ಓದಿದಳು. ‘ದಸರ’ ಎಂದು ಬರೆದ ಕಾಗದದ ಪಟ್ಟಿ ಕೈಗೆ ಬಂದಾಗ ತಲೆ ಎತ್ತಿ, “ಆನೆ ಬರುತ್ತದಲ್ಲ, ಆ ದಸರವೇನಮ್ಮ?” ಎಂದು ಕೇಳಿದಳು. ಅಣ್ಣ ಇಡೀ ವರ್ಷ ಅಂಥ ಪ್ರಶ್ನೆ ಕೇಳಿರಲಿಲ್ಲ. ಓದಿದ್ದು ಅರ್ಥವಾಯಿತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಗುರುತು ನನಗೆ ಬೇಕಿರಲಿಲ್ಲ.

ಹಾಗೆಂದು ನಲಿ-ಕಲಿಯಲ್ಲಿ ಎಲ್ಲವೂ ಸಲೀಸಲ್ಲ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿ ‘ತಟ್ಟೆ’ ಎಂದು ಕರೆಯುವ ಗುಂಪುಗಳಾಗಿ ಕೂರುತ್ತಾರೆ, ಶಿಕ್ಷಕಿ ಒಬ್ಬರೇ. ಗಟ್ಟಿ ಓದನ್ನು ದಿನವೂ ಕೇಳಿಸಿಕೊಳ್ಳಲು ಅವರಿಗೆ ಸಮಯ ಸಿಗುವುದಿಲ್ಲ. ಕಾರ್ಡುಗಳು ಶಾಲೆಯಲ್ಲೇ ಉಳಿಯುವುದರಿಂದ ಮಗು ಕಲಿಕೆಯ ಯಾವ ಹಂತದಲ್ಲಿದೆ ಎಂದು ಮನೆಯವರಿಗೆ ತಿಳಿಯದು. ನಾನು ಶನಿವಾರ ಶಾಲೆ ಬಿಡುವ ಹೊತ್ತಿಗೆ ಹೋಗಿ, ಕಲಿಕೆಯ ಹಂತಗಳನ್ನು ತೋರಿಸುವ ಗೋಡೆಯ ‘ಕಲಿಕಾ ಏಣಿ’ಯಲ್ಲಿ ಅವಳು ಯಾವ ಮೆಟ್ಟಿಲಿನಲ್ಲಿದ್ದಾಳೆಂದು ಕೇಳಿ ತಿಳಿದು, ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿ ಅದೇ ಅಕ್ಷರಗಳ ಪಟ್ಟಿ ಮಾಡುತ್ತಿದ್ದೆ.

ಇನ್ನೊಂದು ಮಾತು. ಹ್ರಸ್ವ-ದೀರ್ಘದ ವಿಷಯದಲ್ಲಿ ಮಗನದೇ ಮೇಲುಗೈ. ಗುಡಿಸಿನ ದೀರ್ಘ, ಕೊಂಬಿನಿಳಿ ಎಂಬ ಹೆಸರುಗಳು ನಾಲಗೆಯ ಮೇಲಿದ್ದುದರಿಂದ ಉಕ್ತಲೇಖನದಲ್ಲಿ ಅವನು ತಪ್ಪುವುದು ಕಡಿಮೆ. ಮಗಳು ‘ಹೂವು’ ಬರೆಯಲು ಹೋಗಿ ‘ಹುವು’ ಬರೆಯುತ್ತಿದ್ದಳು. ಹಾಗಾಗಿ ಅವಳಿಗೂ ಕಾಗುಣಿತ ಹೇಳಿಕೊಟ್ಟೆ, ಆದರೆ ಅಡ್ಡಸಾಲಿನಲ್ಲಿ ಹೇಳಿಕೊಡಲಿಲ್ಲ. ಒಂದು ವಾರ ಗುಡಿಸು ಮಾತ್ರ: ಕಿ, ಗಿ, ಸಿ, ರಿ, ದಿ. ಇನ್ನೊಂದು ವಾರ ಕೊಂಬು. ತಟ್ಟೆಯಲ್ಲಿ ರಾಗಿ ಹರಡಿ ಬೆರಳಿನಲ್ಲಿ ಬರೆಯುತ್ತಿದ್ದಳು. ಅಳಿಸುವುದು ಸುಲಭವಾದ್ದರಿಂದ ತಪ್ಪಿದರೂ ಅಳು ಬರುತ್ತಿರಲಿಲ್ಲ.

ಮೊಬೈಲಿನ ಅಕ್ಷರದ ಆಟವನ್ನೂ ಒಂದು ತಿಂಗಳು ನೋಡಿದೆ. ಒತ್ತಿದರೆ ಅದೇ ಉಚ್ಚರಿಸಿಬಿಡುತ್ತದೆ, ಮಗು ಓದದೆ ಕಾಯುತ್ತದೆ. ತೆಗೆದುಹಾಕಿದೆ.

ಮೊಬೈಲಿನಿಂದ ಪ್ರಯೋಜನವಾದದ್ದು ಪ್ರಥಮ್ ಬುಕ್ಸ್ ಪ್ರಕಾಶನದ ‘ಸ್ಟೋರಿವೀವರ್’ ಎಂಬ ಮಕ್ಕಳ ಕಥೆಗಳ ಜಾಲತಾಣದಿಂದ. ಕನ್ನಡದ ಕಥೆಗಳು ಉಚಿತ, ನಾಲ್ಕು ಹಂತಗಳಲ್ಲಿವೆ. ಮೊದಲ ಹಂತದ ಆರು ಕಥೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಹೊಲಿದಿಟ್ಟೆ. ರಾತ್ರಿ ಊಟದ ನಂತರ ಹದಿನೈದು ನಿಮಿಷ, ಪದದ ಕೆಳಗೆ ಬೆರಳು ಸರಿಸುತ್ತ ಒಂದೇ ಕಥೆಯನ್ನು ವಾರವಿಡೀ ಓದುತ್ತಿದ್ದೆವು. ನಾಲ್ಕನೇ ರಾತ್ರಿ ಅವಳು ನೋಡದೆಯೇ ಒಪ್ಪಿಸುತ್ತಿದ್ದಳು. ಇದೂ ಬಾಯಿಪಾಠವೇ ಆಯಿತಲ್ಲ ಎಂದು ಆತಂಕವಾಗಿ, ಚಿತ್ರವನ್ನು ಕೈಯಿಂದ ಮುಚ್ಚಿ ನಡುವಿನ ಒಂದು ಪದ ತೋರಿಸಿದೆ. ಕ್ಷಣ ತಡೆದು, ಸರಿಯಾಗಿ ಓದಿದಳು. ಮಗನ ಕಾಲದಲ್ಲಿ ಈ ಹದಿನೈದು ನಿಮಿಷವನ್ನು ನಾನು ಕಾಪಿ ಬರೆಸುವುದರಲ್ಲಿ ಕಳೆದೆ. ಆ ಕೊರಗು ಈಗಲೂ ಇದೆ.

ಮೊನ್ನೆ ಬಸ್ ನಿಲ್ದಾಣದಲ್ಲಿ ‘ಮೈಸೂರು’ ಎಂಬ ಫಲಕವನ್ನು ತಾನೇ ಓದಿದಳು. ಪಕ್ಕದ ‘ಮಂಡ್ಯ’ಕ್ಕೆ ಬಂದು ತಡವರಿಸಿದಳು. ಮ, ಸೊನ್ನೆ, ಡ ಎಲ್ಲವೂ ಗೊತ್ತು. ಡಕಾರಕ್ಕೆ ಅಂಟಿಕೊಂಡಿರುವುದೇನೆಂದು ತಿಳಿಯಲಿಲ್ಲ. ನಾಳೆಯಿಂದ ರಾಗಿ ತಟ್ಟೆಯಲ್ಲಿ ಯ ಒತ್ತು.