‘ಸೆಲ್ಫ್ ಹೋಗಿದೆ ಸಾರ್’ ಅಂದವನಿಗೆ ಮೋಟಾರ್‌ಹೋಮ್ ಕೊಟ್ಟು ಕೆಟ್ಟೆ

ದೂರದ ಊರಲ್ಲಿ ನಿಮ್ಮ ಮೋಟಾರ್‌ಹೋಮ್ (ಒಳಗೇ ಮನೆ ಇರುವ ಗಾಡಿ) ಸ್ಟಾರ್ಟ್ ಆಗದೆ ನಿಂತಿದೆ ಅಂದುಕೊಳ್ಳಿ. ಯಾರೋ ಮೆಕ್ಯಾನಿಕ್ ಬರುತ್ತಾನೆ. ವೋಲ್ಟ್ ಅಳೆಯುವ ಮೀಟರ್ ಹೊರಗೆ ತೆಗೆಯೋದೇ ಇಲ್ಲ, "ಸೆಲ್ಫ್ ಹೋಗಿದೆ ಸಾರ್" ಅಂತಾನೆ, ಅಂದರೆ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್ ಕೆಟ್ಟಿದೆ ಅಂತ. ದಯವಿಟ್ಟು ಅವನಿಗೆ ಒಂದು ನಟ್ಟು ಕೂಡ ಬಿಚ್ಚಲು ಬಿಡಬೇಡಿ. ಇಷ್ಟು ಓದಿ ಹೋದರೂ ಸಾಕು. ಉಳಿದದ್ದು ನನ್ನ ಹೊಟ್ಟೆಯುರಿ.

ಬೇರೆ ಸೆಲ್ಫ್ ಮೋಟಾರಿನ ದುಡ್ಡು ಕೊಟ್ಟೆ. ಸಿಕ್ಕಿದ್ದು ನನ್ನ ಗಾಡಿಯದೇ ಹಳೇ ಸೆಲ್ಫ್, ಮೇಲೆ ಕಪ್ಪು ಬಣ್ಣ. ಹೌದು, ನನ್ನದೇ. ಪರಿಚಯದವರಿಗೆ ಹೇಳೋಕೆ ಮುಖ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಗಿದ್ದು ಇಷ್ಟು. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಬರುತ್ತಿದ್ದವು. ಕೆಳಗಿಂದ ‘ಟಕ್’ ಅಂತ ಒಂದೇ ಒಂದು ಸದ್ದು. ಎಂಜಿನ್ ಮಿಸುಕುತ್ತಿರಲಿಲ್ಲ. ಗಾಡಿ ಇಟ್ಟುಕೊಂಡವರಿಗೆ ಇದು ಗೊತ್ತೇ ಇರುತ್ತೆ: ಟಕಟಕಟಕ ಅಂತ ಬಿಡದೆ ಬಡಿದುಕೊಂಡರೆ ಹೆಚ್ಚಾಗಿ ಬ್ಯಾಟರಿ ಇಳಿದಿರುತ್ತೆ. ಸದ್ದೇ ಇಲ್ಲ ಅಂದರೆ ರಿಲೇ (ಕರೆಂಟ್‌ನಿಂದಲೇ ನಡೆಯುವ ಸ್ವಿಚ್), ಫ್ಯೂಸ್, ಇಗ್ನಿಷನ್ ಸ್ವಿಚ್, ಕೀಲಿಯ ಚಿಪ್ ಈ ಕಡೆ ನೋಡಬೇಕು. ಒಂದೇ ಟಕ್ ಅಂದರೆ ಸೊಲೆನಾಯ್ಡ್ (ಸೆಲ್ಫ್‌ಗೆ ಕರೆಂಟ್ ಕೊಡುವ ಅದರ ಮೇಲಿನ ಸ್ವಿಚ್) ಎಳೆಯುತ್ತಿದೆ, ಆದರೆ ಮೋಟಾರಿಗೆ ಬೇಕಾದಷ್ಟು ಕರೆಂಟ್ ಹೋಗುತ್ತಿಲ್ಲ. ಅಥವಾ ಮೋಟಾರೇ ಕೆಟ್ಟಿದೆ. ಇವೆರಡರಲ್ಲಿ ಯಾವುದು ಅಂತ ನೋಡೋಕೆ ಐದು ನಿಮಿಷ, ಒಂದು ಮೀಟರ್ ಸಾಕು. ನನಗೆ ಸಿಕ್ಕ ಮೆಕ್ಯಾನಿಕ್ ಮಾಡಿದ್ದೇನು? ಹಿಂದೆ ಬಂದು, ಒಳಗಿನ ದೀಪ ಹಾಕಿದ. ಫ್ಯಾನ್ ಹಾಕಿದ. "ಬ್ಯಾಟರಿ ಫಸ್ಟ್ ಕ್ಲಾಸ್ ಇದೆ ಸಾರ್, ಸೆಲ್ಫೇ ಹೋಗಿರೋದು" ಅಂದ.

ಮೋಟಾರ್‌ಹೋಮ್‌ನಲ್ಲಿ ಬ್ಯಾಟರಿ ಎರಡು ಇರುತ್ತೆ ಅಲ್ವಾ? ಒಳಗಿನ ದೀಪ, ಫ್ಯಾನ್, ನೀರಿನ ಪಂಪ್ ಇದಕ್ಕೆಲ್ಲ ಒಂದು. ಎಂಜಿನ್‌ಗೆ ಬೇರೆಯೇ ಒಂದು. ಎಂಜಿನ್ ಓಡುವಾಗ ಮಾತ್ರ ಒಂದು ರಿಲೇ ಎರಡನ್ನೂ ಸೇರಿಸಿ ಚಾರ್ಜ್ ಮಾಡುತ್ತೆ, ನಿಂತ ಮೇಲೆ ಬೇರೆ ಮಾಡಿಬಿಡುತ್ತೆ. ಒಳಗೆ ಫ್ಯಾನ್ ಗಿರಗಿರ ತಿರುಗಿದರೆ ಎಂಜಿನ್ ಬ್ಯಾಟರಿ ಬಗ್ಗೆ ಏನೇನೂ ಗೊತ್ತಾಗಲ್ಲ. ನಾನು ಅದನ್ನು ಹೇಳಿದೆ. "ಸಾರ್, ದಿನಾ ಇಂಥ ಗಾಡಿ ನೋಡ್ತೀನಿ" ಅಂದ. ಎಂಜಿನ್ ಬ್ಯಾಟರಿ ಎಲ್ಲಿದೆ ಅಂತ ಕೇಳಿದರೆ ಬಾನೆಟ್ ಎತ್ತಿ ಹುಡುಕಿದ. ಅದು ಇರೋದು ಡ್ರೈವರ್ ಕಾಲಡಿಯ ನೆಲದಲ್ಲಿ!

ಆಮೇಲೆ ಶುರುವಾಯಿತು ಹೆದರಿಸೋದು. "ಟೋ ಮಾಡಿಸ್ತೀರಾ? ಇಷ್ಟು ದೊಡ್ಡ ಗಾಡಿ ಮಾಮೂಲಿ ಟೋ ಲಾರಿ ಮೇಲೆ ಕೂರಲ್ಲ. ದೊಡ್ಡದು ಬರೋಕೆ ಎರಡು ದಿನ. ಆ ದುಡ್ಡಲ್ಲಿ ಎರಡು ಸೆಲ್ಫ್ ಬರುತ್ತೆ." ಇದರಲ್ಲಿ ಅರ್ಧ ನಿಜ, ಅದೇ ತೊಂದರೆ. ಮೂರೂವರೆ ಟನ್ ಗಾಡಿಯನ್ನು ಯಾರೂ ಸುಮ್ನೆ ಎತ್ತಿಕೊಂಡು ಹೋಗಲ್ಲ. ಅದರಲ್ಲೂ ಮಲಗುವ ಜಾಗವೇ ಅದು. ಗ್ಯಾರೇಜಿಗೆ ಹೋಯಿತು ಅಂದರೆ ನಾವು ಬೀದಿಗೆ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೆಲ್ಫ್ ಬಿಚ್ಚಿ ತೆಗೆದುಕೊಂಡು ಹೋದ. ಎಕ್ಸ್‌ಚೇಂಜ್‌ನಲ್ಲಿ ರೀಕಂಡೀಶನ್ ಮಾಡಿದ್ದು ತರ್ತೀನಿ ಅಂದ. ಸಂಜೆ ಫಳಫಳ ಹೊಳೆಯುವ ಒಂದನ್ನು ತಂದು ಕೂರಿಸಿದ. ಕೀ ತಿರುಗಿಸಿದೆ, ಒಂದೇ ಏಟಿಗೆ ಸ್ಟಾರ್ಟ್. "ನೋಡಿದ್ರಾ ಸಾರ್?" ನನಗೂ ಎಷ್ಟು ಸಮಾಧಾನ ಆಯಿತು ಅಂದರೆ, ಹೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟು ಕೈ ಕುಲುಕಿ ಕಳಿಸಿದೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತೆ.

ಮುಂದಿನ ಊರಲ್ಲಿ ಮತ್ತೆ ಅದೇ ಟಕ್.

ಫೋನ್ ಮಾಡಿದೆ. "ಹಾಗಾದ್ರೆ ಬ್ಯಾಟರಿ ಹೋಗಿರಬೇಕು ಸಾರ್." ಮೊನ್ನೆ ಫಸ್ಟ್ ಕ್ಲಾಸ್ ಇತ್ತಲ್ಲ? "ಅದು ಮೊನ್ನೆ." ಗ್ಯಾರಂಟಿ ಕೊಟ್ಟಿದ್ದೀಯಲ್ಲ ಅಂದೆ. ಅದಕ್ಕೆ ಬಂದ ಉತ್ತರ ಕೇಳಿ: "ಗ್ಯಾರಂಟಿ ಸೆಲ್ಫ್‌ಗೆ ಸಾರ್. ಗಾಡಿ ಸ್ಟಾರ್ಟ್ ಆಗೋದಕ್ಕೆ ಅಲ್ಲ."

ಪಕ್ಕದಲ್ಲಿ ನಿಂತಿದ್ದ ಲಾರಿ ಡ್ರೈವರ್ ಒಬ್ಬರು ಬಂದರು. ಗೇರ್ ನ್ಯೂಟ್ರಲ್‌ನಲ್ಲಿದೆಯಾ, ಹ್ಯಾಂಡ್‌ಬ್ರೇಕ್ ಹಾಕಿದೆಯಾ ಅಂತ ಕೇಳಿದರು. ಒಂದು ಜಂಪರ್ ಕೇಬಲ್ ತಂದರು. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್ ಎತ್ತಲು ಇರುವ ದಪ್ಪ ಕಬ್ಬಿಣದ ಕೊಕ್ಕೆಗೆ. ಬೆಲ್ಟ್‌ನಿಂದ ದೂರ ಇಟ್ಟರು. ಪ್ಲಸ್ ಮುಟ್ಟಲೇ ಇಲ್ಲ. "ಈಗ ಹೊಡೀರಿ ಸೆಲ್ಫ್" ಅಂದರು. ಗುಡ್ಡ್ ಅಂತ ಸ್ಟಾರ್ಟ್ ಆಯಿತು. "ನಿಮ್ಮದು ಅರ್ತ್ ಹೋಗಿದೆ, ಅಷ್ಟೇ" ಅಂದು ಕೇಬಲ್ ಸುತ್ತಿಕೊಂಡು ಹೊರಟರು. ಚಹಾಕ್ಕೂ ದುಡ್ಡು ಮುಟ್ಟಲಿಲ್ಲ.

ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತೆ, ರಬ್ಬರ್‌ನಲ್ಲಿ ಕರೆಂಟ್ ಹಾಯಲ್ಲ. ಕರೆಂಟ್ ಬ್ಯಾಟರಿಗೆ ವಾಪಸ್ ಬರಬೇಕಾದರೆ ಒಂದು ದಪ್ಪ ಅರ್ತ್ ಕೇಬಲ್ ಬೇಕು. ಸೆಲ್ಫ್ ಎಳೆಯೋದು ನೂರಾರು ಆಂಪಿಯರ್. ಕೇಬಲ್ ಬುಡದಲ್ಲಿ ತುಕ್ಕು ಹಿಡಿದರೆ ದೀಪ ಉರಿಯುತ್ತೆ, ಸೆಲ್ಫ್ ತಿರುಗಲ್ಲ. ಸರಿಯಾದ ವರ್ಕ್‌ಶಾಪ್‌ಗೆ ಹೋದಾಗ ಅವರು ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್‌ಗೆ ಇಟ್ಟು ಸೆಲ್ಫ್ ಹೊಡೆಸಿದರು. ಅರ್ಧ ವೋಲ್ಟ್ ಒಳಗೆ ಇರಬೇಕಾದದ್ದು ನಾಲ್ಕು ದಾಟಿತು. ಕೇಬಲ್ ತುದಿಯ ಉಂಗುರ ಸೆಲ್ಫ್ ಬೋಲ್ಟ್ ಕೆಳಗೇ ಇತ್ತು. ಬಿಚ್ಚಿದರೆ ಹಸಿರು ಪುಡಿ, ಉಂಗುರದ ಬುಡದಲ್ಲಿ ತಾಮ್ರದ ಎಳೆಗಳು ಅರ್ಧಕ್ಕರ್ಧ ತುಂಡಾಗಿದ್ದವು. ಆ ಬೋಲ್ಟ್ ಬಿಚ್ಚಿ ಬಿಗಿ ಮಾಡಿದ್ದಕ್ಕೇ ಆವತ್ತು ಗಾಡಿ ಸ್ಟಾರ್ಟ್ ಆಗಿದ್ದು. ಹೊಸ ಸೆಲ್ಫಿನಿಂದ ಅಲ್ಲ.

ಹೊಸ ಸೆಲ್ಫ್ ಎಲ್ಲಿಂದ ಬರಬೇಕು! ವರ್ಕ್‌ಶಾಪಿನ ಹುಡುಗ ಅದನ್ನು ಮುಟ್ಟಿ ನೋಡಿದ, ಬೆರಳಿಗೆ ಕಪ್ಪು ಬಣ್ಣ ಅಂಟಿತು. ಬಟ್ಟೆಯಲ್ಲಿ ಥಿನ್ನರ್ ಹಾಕಿ ಒರೆಸಿದ. ಕೆಳಗೆ ಸ್ಟಿಕ್ಕರ್. ಸ್ಟಿಕ್ಕರ್ ಪಕ್ಕ ಓರೆಯಾಗಿ ಒಂದು ಗೀರು. ಗಾಡಿ ಕೊಳ್ಳುವಾಗ ನಾನು ಕೆಳಗೆಲ್ಲ ಫೋಟೋ ತೆಗೆದಿಟ್ಟಿದ್ದೆ. ಫೋನ್ ತೆಗೆದು ಹೋಲಿಸಿದೆ. ಅದೇ ನಂಬರ್. ಅದೇ ಗೀರು. ಅಲ್ಲಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು ಸೆಲ್ಫ್ ನೋಡುತ್ತಾ ನಿಂತಿದ್ದೆ.

ಫೋಟೋ ಆ ಮೆಕ್ಯಾನಿಕ್‌ಗೆ ಕಳಿಸಿದೆ. "ಒಂದೇ ಕಂಪನಿ ಮಾಲು ಸಾರ್, ನಂಬರ್ ಒಂದೇ ಇರುತ್ತೆ." ಗೀರು ಕೂಡ ಕಂಪನಿಯಿಂದಲೇ ಬಿದ್ದು ಬರುತ್ತಾ ಅಂದೆ. "ನೀವು ಓದಿದವರು, ನಿಮಗೆ ಹೇಳೋಕಾಗಲ್ಲ." ಹಳೇದನ್ನು ವಾಪಸ್ ಕೊಡು ಅಂದೆ. "ಗುಜರಿಗೆ ಹೋಯ್ತು." ಗುಜರಿಗೆ ಹೋದದ್ದು ನನ್ನ ಗಾಡಿಯಲ್ಲೇ ಕೂತಿದೆಯಲ್ಲಪ್ಪಾ!

ನಿಮಗೆ ಹೇಳೋದು ಇಷ್ಟೇ. ಗಾಡಿಯಲ್ಲಿ ಒಂದು ಅಗ್ಗದ ಮೀಟರ್, ಒಂದು ದಪ್ಪ ಜಂಪರ್ ಕೇಬಲ್ ಇಟ್ಟುಕೊಳ್ಳಿ. ಎಂಜಿನ್ ಬ್ಯಾಟರಿ ಎಲ್ಲಿದೆ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಸುಮ್ನೆ ನಿಂತಾಗ 12.6 ವೋಲ್ಟ್ ಹತ್ತಿರ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ. ಅಲ್ಲಾಡದೆ 12ರಲ್ಲೇ ಇದ್ದು ಬರೀ ಟಕ್ ಅಂದರೆ ಮೊದಲು ಅರ್ತ್ ನೋಡಿ, ಆಮೇಲೆ ಸೆಲ್ಫ್. ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಸುಣ್ಣವೋ ಬಣ್ಣವೋ ಒಂದು ಗುರುತು ಹಾಕಿ. ಹಳೇ ಸಾಮಾನು ನಿಮ್ಮ ಕೈಗೆ ಬರದೆ ದುಡ್ಡು ಕೊಡಬೇಡಿ. ಎಕ್ಸ್‌ಚೇಂಜ್ ಅಂತ ರಾಗ ಎಳೆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸು ಅನ್ನಿ. ಟೋ ಇನ್ಶೂರೆನ್ಸ್ ಇದ್ದರೆ ನಿಮ್ಮ ಗಾಡಿಯ ತೂಕ, ಉದ್ದ ಅದರಲ್ಲಿ ಬರುತ್ತಾ ಅಂತ ಈಗಲೇ ಓದಿ. ಇಲ್ಲಾಂದ್ರೆ ಅವನು ಹೇಳುವ ‘ಎರಡು ದಿನ’ ಕೇಳಿಯೇ ಜೇಬಿಗೆ ಕೈ ಹಾಕ್ತೀರಿ.

ದುಡ್ಡು ವಾಪಸ್ ಕೇಳಿ ಮತ್ತೆ ಮೆಸೇಜ್ ಹಾಕಿದ್ದೇನೆ. ಓದಿದ್ದಾನೆ. ಬಂದ ಉತ್ತರ: "ಗಾಡಿ ಈಗ ಓಡ್ತಿದೆ ತಾನೇ ಸಾರ್?"