ಅಮ್ಮನ ತೋಳಿನ ಕೃತಕ ರಕ್ತನಾಳ: ಒಂದೂವರೆ ವರ್ಷದ ಬಳಕೆಯ ನಂತರ

ಅಮ್ಮನ ಸಿರೆಗಳು ತೀರಾ ಸಣ್ಣವಾಗಿದ್ದು ಡಯಾಲಿಸಿಸ್‌ಗೆ ಫಿಸ್ಟುಲಾ (ಧಮನಿಯನ್ನು ನೇರವಾಗಿ ಸಿರೆಗೆ ಜೋಡಿಸುವುದು) ಕೈಗೂಡಲಿಲ್ಲವಾದ್ದರಿಂದ, ಎಡತೋಳಿನ ಧಮನಿಗೂ ಸಿರೆಗೂ ನಡುವೆ 6 ಮಿಲಿಮೀಟರ್ ವ್ಯಾಸದ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕಿನ ಕೊಳವೆಯನ್ನು (ಗ್ರಾಫ್ಟ್) ಚರ್ಮದಡಿ ಹಾಯಿಸಿದರು. ಫಿಸ್ಟುಲಾ ಬಲಿಯಲು ತಿಂಗಳುಗಳು ಬೇಕಾಗುತ್ತವೆ. ಇದಕ್ಕೆ ಊತ ಇಳಿದ ಮೇಲೆ, ಮೂರನೆಯ ವಾರದಲ್ಲೇ ಸೂಜಿ ಹಾಕಿದರು. ಅಷ್ಟರ ಮಟ್ಟಿಗೆ ಪೂರ್ಣ ಅಂಕ.

ಕೊಳವೆ ಮೈಗೂಡುವ ಬಗೆ ಮಾತ್ರ ವಿಚಿತ್ರವಾದದ್ದು. ರಕ್ತ ಹರಿದ ಕೂಡಲೇ ಒಳಗೋಡೆಗೆ ಪ್ರೋಟೀನುಗಳು, ಅವುಗಳ ಮೇಲೆ ಪ್ಲೇಟ್‌ಲೆಟ್‌ಗಳು ಹಾಗೂ ಫೈಬ್ರಿನ್ ಎಂಬ ಹೆಪ್ಪಿನ ನಾರು ಅಂಟಿ ತೆಳುವಾದ ಹೆಪ್ಪಿನ ಪದರ ಕೂರುತ್ತದೆ. ಈ ಹೆಪ್ಪು ಕೇವಲ ಶತ್ರುವಲ್ಲ: ಹಿಂದೆ ಡೇಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನಿಂದ ಹೆಣೆದ ಕೊಳವೆಗಳ ರಂಧ್ರಗಳಿಂದ ರಕ್ತ ಸೋರದಿರಲೆಂದು, ಶಸ್ತ್ರವೈದ್ಯರು ಅವನ್ನು ಮೊದಲೇ ರೋಗಿಯ ರಕ್ತದಲ್ಲಿ ನೆನೆಸಿ ಹೆಪ್ಪುಗಟ್ಟಿಸುತ್ತಿದ್ದರು. ಆದರೆ ಮನುಷ್ಯರಲ್ಲಿ ರಕ್ತನಾಳದ ಸಹಜ ಒಳಪೊರೆ ಹೊಲಿಗೆಯ ತುದಿಗಳಿಂದ ಒಂದೆರಡು ಸೆಂಟಿಮೀಟರ್ ದೂರ ಮಾತ್ರ ತೆವಳಿ ನಿಂತುಬಿಡುತ್ತದೆ. ನಡುಭಾಗದಲ್ಲಿ ವರ್ಷಗಟ್ಟಲೆ ಫೈಬ್ರಿನ್ನೇ ಹಾಸಿರುತ್ತದೆ. ಗಾಯವೊಂದು ಪೂರ್ತಿ ಮಾಯದೆ ಉಳಿದಂತೆ. ಪ್ಲೇಟ್‌ಲೆಟ್‌ಗಳು ಬಿಡುವ ಬೆಳವಣಿಗೆಯ ಅಂಶಗಳೂ ರಕ್ತದ ರಭಸವೂ ಸೇರಿ ಸಿರೆಯ ತುದಿಯ ಸ್ನಾಯುಕೋಶಗಳನ್ನು ಕೆಣಕುವುದರಿಂದ ಅಲ್ಲಿ ಗೋಡೆ ದಪ್ಪಗಾಗಿ, ದಾರಿ ಕಿರಿದಾಗಿ, ಹರಿವು ನಿಧಾನವಾಗಿ, ಕೊನೆಗೆ ಇಡೀ ಕೊಳವೆಯೇ ಹೆಪ್ಪುಗಟ್ಟಿಬಿಡಬಹುದು.

ನಮಗೆ ಇದು ಹನ್ನೊಂದನೆಯ ತಿಂಗಳಲ್ಲಿ ಅನುಭವಕ್ಕೆ ಬಂತು. ಪ್ರತಿದಿನ ಬೆಳಿಗ್ಗೆ ತೋಳಿಗೆ ಬೆರಳಿಟ್ಟರೆ, ಓಡುತ್ತಿರುವ ಹಿಟ್ಟಿನ ಗಿರಣಿಯ ಗೋಡೆ ಮುಟ್ಟಿದ ಹಾಗೆ ಗುಂಯ್ಯೆನ್ನುವ ಕಂಪನ ತಿಳಿಯುತ್ತಿತ್ತು. ಅಂದು ಏನೂ ಇರಲಿಲ್ಲ. "ಮಿಷನ್ ನಿಂತ್ಹೋಯ್ತೇನೋ," ಎಂದರು ಅಮ್ಮ. ಅದೇ ದಿನ ಹೆಪ್ಪು ತೆಗೆದು, ಬಲೂನಿನಿಂದ ಸಿರೆಯ ತುದಿಯನ್ನು ಹಿಗ್ಗಿಸಿದ್ದರಿಂದ ಗ್ರಾಫ್ಟ್ ಉಳಿಯಿತು. ಅದಕ್ಕೆ ಹಿಂದಿನ ಕೆಲವು ವಾರ ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಮುಂದೆ ದಾರಿ ಕಟ್ಟಿಕೊಂಡು ಕೊಳವೆಯೊಳಗೆ ಒತ್ತಡ ಏರಿರುವುದರ ಸೂಚನೆಯದು ಎಂದು ಡಯಾಲಿಸಿಸ್ ಕೇಂದ್ರದವರು ನಮಗೆ ಹೇಳಬೇಕಿತ್ತು.

ನಮ್ಮದು ಹೆಪಾರಿನ್ ಲೇಪಿತ ಕೊಳವೆ, ಹೆಚ್ಚಿನ ಬೆಲೆಯದು. ಆ ಲೇಪನ ಒಳಮೈಯಲ್ಲಿ ಹೆಪ್ಪುಗಟ್ಟುವುದನ್ನು ತಗ್ಗಿಸಲೆಂದು ಇರುವುದೇ ಹೊರತು, ಸಿರೆಯ ತುದಿ ಕಿರಿದಾಗದೆಂಬ ಭರವಸೆಯಲ್ಲ. ಸೂಜಿಯ ತೂತುಗಳ ವಿಷಯದಲ್ಲೂ ಎಚ್ಚರ ಬೇಕು: ಪಿಟಿಎಫ್‌ಇ ತಾನಾಗಿ ಕೂಡಿಕೊಳ್ಳುವ ವಸ್ತುವಲ್ಲ, ತೂತನ್ನು ಮುಚ್ಚುವುದು ನಮ್ಮದೇ ಹೆಪ್ಪು ಮತ್ತು ಸುತ್ತಲಿನ ಅಂಗಾಂಶ. ಆದ್ದರಿಂದ ಪ್ರತಿಸಲ ಜಾಗ ಬದಲಿಸಿ ಚುಚ್ಚುವಂತೆ ನಾನೇ ನಿಂತು ನೋಡಿಕೊಳ್ಳುತ್ತೇನೆ. ಸಿರೆ ಚೆನ್ನಾಗಿದ್ದವರು ಫಿಸ್ಟುಲಾವನ್ನೇ ಕೇಳಲಿ. ಇಲ್ಲದವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ.